ಖುಷಿಗೂ ಮಾರ್ಕ್ಸ್ ಉಂಟಾ?

ಕಳೆದ ಸೋಣ ತಿಂಗಳು, ಅಂದರೆ ಚೌತಿಯ ಹೊತ್ತು. ಉಡುಪಿ ಬಸ್ ನಿಲ್ದಾಣದಲ್ಲಿ ಶಂಕರಪುರದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜೋರು ಮಳೆ. ಕೊಡೆ ಇದ್ದರೂ ಮೊಣಕಾಲಿನವರೆಗೆ ಒದ್ದೆ. ಆಗ ಮಣಿಪಾಲದಲ್ಲಿ ಓದುವ ಅಣ್ಣನ ಮಗಳು ಮೊಬೈಲಿಗೆ ಒಂದು ಕ್ವಿಜ್ ಕಳಿಸಿದಳು. ನೀವು ನಿಜವಾಗಿ ಎಷ್ಟು ಖುಷಿಯಾಗಿದ್ದೀರಿ, 20 ಪ್ರಶ್ನೆಗಳಲ್ಲಿ ತಿಳಿದುಕೊಳ್ಳಿ ಎಂದಿತ್ತು. ಬಸ್ಸು ಬರುವಷ್ಟರಲ್ಲಿ ಮುಗಿಸಿದೆ. ಪರದೆಯ ಮೇಲೆ ಬಾಡಿದ ಮುಖದ ಹಳದಿ ಗೊಂಬೆಯೊಂದು ಬಂತು. ಅದರ ಕೆಳಗೆ ನನ್ನ ಅಂಕ: ಶೇ 42.

ಬೇಸರವಾಯಿತು. ಕ್ವಿಜ್ ಶುರು ಮಾಡುವ ಮೊದಲು ಬೇಸರ ಇರಲಿಲ್ಲ. ಚಿಕ್ಕಮ್ಮನ ಮನೆಗೆ ಹೊರಟಿದ್ದೆ, ಚೀಲದಲ್ಲಿ ಅವರಿಗೆಂದು ತೆಗೆದುಕೊಂಡ ಬಿಸಿ ಗೋಳಿಬಜೆ ಇತ್ತು. ಐದು ನಿಮಿಷದ ಹಿಂದೆ ಸರಿಯಾಗಿಯೇ ಇದ್ದ ಮನಸ್ಸು ಒಂದು ನಂಬರ್ ನೋಡಿ ಕುಗ್ಗಿತು. ಬಸ್ಸಿನಲ್ಲಿ ಕುಳಿತ ಮೇಲೂ ಅದೇ ಯೋಚನೆ. ನನಗೆ ಗೊತ್ತಿಲ್ಲದ ಏನೋ ಒಂದು ಆ ಕ್ವಿಜ್‌ಗೆ ಗೊತ್ತಾಯಿತಾ?

ನಮ್ಮ ಕಡೆಯವರಿಗೆ ನಂಬರ್ ಎಂದರೆ ಸುಮ್ನೆ ಅಲ್ಲ. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಇಡೀ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡೇ ಬೆಳೆದವರು ನಾವು. ಶೇ 42 ಎಂದ ಕೂಡಲೇ ‘ಜಸ್ಟ್ ಪಾಸ್’ ಎಂದೇ ಕಿವಿಗೆ ಬೀಳುತ್ತದೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು. ಇಂಥ ಅಂಕ ನೋಡಿ ಒಳಗೊಳಗೇ ಕುಗ್ಗುವವರು ನಾನೊಬ್ಬನೇ ಆಗಿರಲಿಕ್ಕಿಲ್ಲ.

ಮೊದಲ ಪ್ರಶ್ನೆ, ಇದು ಯಾವುದರ 42? ನಾನು ಕೊಟ್ಟ ಉತ್ತರಗಳನ್ನು ಕೂಡಿಸಿದಾಗ ನೂರರಲ್ಲಿ 42 ಬಂತು ಎಂದು ಒಂದು ಅರ್ಥ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ 42 ಜನ ನನಗಿಂತ ಹಿಂದೆ ಇದ್ದಾರೆ ಎಂದು ಇನ್ನೊಂದು ಅರ್ಥ. ಎರಡಕ್ಕೂ ತುಂಬಾ ದೂರ. ಮೊದಲನೆಯದು ಬರೀ ಕೂಡುವ ಲೆಕ್ಕ. ಎರಡನೆಯದನ್ನು ಹೇಳಬೇಕಾದರೆ ಅದೇ ಪ್ರಶ್ನೆಗಳನ್ನು ಮೊದಲೇ ಬಹಳ ಜನರಿಗೆ ಕೇಳಿ, ಅವರ ಉತ್ತರಗಳನ್ನು ಇಟ್ಟುಕೊಂಡಿರಬೇಕು. ನನ್ನ ಕ್ವಿಜ್ ಇದರ ಬಗ್ಗೆ ಒಂದಕ್ಷರ ಹೇಳಲಿಲ್ಲ. ಪರೀಕ್ಷೆಯಲ್ಲಾದರೆ ಎಷ್ಟು ಬಂದರೆ ಪಾಸ್ ಎಂದು ಎಲ್ಲರಿಗೂ ಗೊತ್ತು. ಖುಷಿಯಲ್ಲಿ ಪಾಸಾಗಲು ಎಷ್ಟು ಬೇಕು ಎಂದು ಯಾರು ನಿಗದಿ ಮಾಡಿದರು?

ಎರಡನೆಯ ಪ್ರಶ್ನೆ ಇದಕ್ಕಿಂತ ಮುಖ್ಯ. ಖುಷಿ ಎಂದರೆ ಏನನ್ನು ಕೇಳಿದಂತೆ? ಕನ್ನಡದಲ್ಲಿ ಯೋಚಿಸುವವರಿಗೆ ಇದು ಬೇಗ ಹಿಡಿತಕ್ಕೆ ಸಿಗುತ್ತದೆ. ಮಗಳಿಗೆ ಕೆಲಸ ಸಿಕ್ಕಿತು ಎಂದು ಫೋನ್ ಬಂದರೆ ಖುಷಿ. ಸಾಲದ ಕೊನೆಯ ಕಂತು ಕಟ್ಟಿದ ರಾತ್ರಿ ಬರುವುದು ನೆಮ್ಮದಿ. ಮಕ್ಕಳೆಲ್ಲ ಒಂದು ದಡ ಸೇರಿದರು ಎಂದು ಹಿಂದಿರುಗಿ ನೋಡಿದಾಗ ತೃಪ್ತಿ. ದಾರಿಯಲ್ಲಿ ಎದುರು ಸಿಕ್ಕವರು ಕೇಳುವುದು ಸೌಖ್ಯ. ಇವೆಲ್ಲ ಒಂದೇ ಅಲ್ಲ. ಒಬ್ಬರಿಗೆ ಇವತ್ತು ಖುಷಿ ಇಲ್ಲದಿರಬಹುದು, ಆದರೂ ಬದುಕಿನ ಬಗ್ಗೆ ತೃಪ್ತಿ ಇರಬಹುದು. ದಿನವಿಡೀ ನಗುತ್ತಾ ಓಡಾಡುವವರಿಗೆ ರಾತ್ರಿ ನೆಮ್ಮದಿ ಇಲ್ಲದಿರಬಹುದು.

ಸಂಶೋಧಕರೂ ಹೀಗೇ ಬೇರೆ ಬೇರೆ ಮಾಡಿಯೇ ಅಳೆಯುತ್ತಾರೆ. ಬದುಕಿನ ಬಗ್ಗೆ ಒಟ್ಟಾರೆ ತೀರ್ಪು ಕೇಳುವುದು ಒಂದು ಬಗೆ. ಅಮೆರಿಕದ ಎಡ್ ಡೀನರ್ ಮತ್ತು ಸಂಗಡಿಗರು 1985ರಲ್ಲಿ ಇದಕ್ಕೆಂದೇ ಐದು ವಾಕ್ಯಗಳ ಒಂದು ಮಾಪಕ ಮಾಡಿದರು. ಪ್ರತಿ ವಾಕ್ಯವನ್ನು ಎಷ್ಟು ಒಪ್ಪುತ್ತೀರಿ ಎಂದು 1ರಿಂದ 7ರೊಳಗೆ ಹೇಳಬೇಕು. ಒಟ್ಟು ಅಂಕ 5ರಿಂದ 35. ಸರಿ ನಡುವಿನದು 20. 31 ಮತ್ತು ಮೇಲೆ ಬಂದರೆ ತುಂಬಾ ತೃಪ್ತಿ, 9 ಮತ್ತು ಕೆಳಗೆ ಬಂದರೆ ತುಂಬಾ ಅತೃಪ್ತಿ. ಎರಡು ತಿಂಗಳು ಬಿಟ್ಟು ಅದೇ ಜನರಿಗೆ ಮತ್ತೆ ಕೇಳಿದರು. ಎರಡು ಸಲದ ಉತ್ತರಗಳಿಗೆ ಎಷ್ಟು ಹೊಂದಾಣಿಕೆ ಎಂದು ಲೆಕ್ಕ ಹಾಕಿದಾಗ 0.82 ಬಂತು. ಪೂರ್ತಿ ಹೊಂದಿದರೆ 1, ಏನೂ ಸಂಬಂಧ ಇಲ್ಲದಿದ್ದರೆ 0. ಅಂದರೆ ಇವತ್ತು ಒಂದು, ನಾಳೆ ಇನ್ನೊಂದು ಹೇಳುವ ತಕ್ಕಡಿ ಅಲ್ಲ ಇದು. ನನಗೆ ಸಿಕ್ಕ ಕ್ವಿಜ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ತಕ್ಕಡಿಯನ್ನು ಮೊದಲು ತೂಗಿ ನೋಡಿದ್ದಾರೆ.

ಇನ್ನೊಂದು ಬಗೆಯಲ್ಲಿ ಆಯಾ ಹೊತ್ತಿನ ಮನಸ್ಸನ್ನು ಕೇಳುತ್ತಾರೆ. 2004ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ಮಹಿಳೆಯರಿಗೆ ಹಿಂದಿನ ದಿನವನ್ನು ಸಿನಿಮಾದ ದೃಶ್ಯಗಳಂತೆ ತುಂಡು ತುಂಡು ಮಾಡಿ ಬರೆಯಲು ಹೇಳಿದರು. ಪ್ರತಿ ತುಂಡಿನಲ್ಲೂ ಹೇಗೆ ಅನಿಸಿತ್ತು ಎಂದು ಕೇಳಿದರು. ಅಲ್ಲಿ ಬದುಕು ಹೇಗಿದೆ ಎಂಬ ಪ್ರಶ್ನೆಗೆ ಜಾಗ ಇಲ್ಲ. ಬಸ್ಸಿನಲ್ಲಿ ನೂಕಾಡಿದಾಗ ಹೇಗಿತ್ತು, ಊಟದ ಹೊತ್ತಿಗೆ ಹೇಗಿತ್ತು, ಅಷ್ಟೇ.

ಮೂರನೆಯದು ಸ್ವಭಾವ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆ ತಲುಪಿದಾಗ ಚಿಕ್ಕಮ್ಮ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ನೆನೆಹಾಕಿದ ಬಾಳೆನಾರು. 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅವರ ಕೈ ಎಣಿಸುತ್ತಲೇ ಇರುತ್ತದೆ, ಬಾಯಿ ಮಾತಾಡುತ್ತಲೇ ಇರುತ್ತದೆ. ನನ್ನ ಶೇ 42ರ ಕತೆ ಹೇಳಿದೆ. ಮತ್ತೆ, ಪ್ರಪಂಚದಲ್ಲೆಲ್ಲ ಕೇಳುವ ಒಂದು ಪ್ರಶ್ನೆ ಉಂಟು, ನಿಮಗೂ ಕೇಳುತ್ತೇನೆ ಎಂದೆ. ಒಂದು ಏಣಿ ಇದೆ ಎಂದುಕೊಳ್ಳಿ. ಬುಡದಲ್ಲಿ 0, ತುದಿಯಲ್ಲಿ 10. ತುದಿ ಎಂದರೆ ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು. ಬುಡ ಎಂದರೆ ಅತಿ ಕೆಟ್ಟದ್ದು. ಈಗ ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ?

ಕೈ ನಿಲ್ಲಿಸದೆ ಹೇಳಿದರು, ‘ಐದು ಬರಿ.’

ಯಾಕೆ ಐದು ಎಂದೆ.

‘ನಡುವಿನಲ್ಲಿ ಇದ್ದರೆ ಬೀಳುವ ಹೆದರಿಕೆ ಇಲ್ಲ ಅಲ್ವಾ?’

ಈ ಏಣಿಯ ಪ್ರಶ್ನೆಯನ್ನು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಸಂಶೋಧಕರು 1965ರಲ್ಲಿ ಪ್ರಕಟಿಸಿದರು. ಪ್ರತಿ ವರ್ಷ ಮಾರ್ಚ್‌ನಲ್ಲಿ ಪತ್ರಿಕೆಗಳಲ್ಲಿ ಬರುವ ‘ವಿಶ್ವ ಸಂತೋಷ ವರದಿ’ ನಿಂತಿರುವುದು ಇದರ ಮೇಲೆಯೇ. ಗ್ಯಾಲಪ್ ಸಂಸ್ಥೆ ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು 1,000 ಜನರನ್ನು ಕೇಳುತ್ತದೆ. ಮೂರು ವರ್ಷಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. 2025ರ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು. ನಮ್ಮ ಸರಾಸರಿ ಸುಮಾರು 4.4. ಸತತ ಎಂಟನೆಯ ಸಲ ಮೊದಲು ಬಂದ ಫಿನ್ಲೆಂಡ್‌ನದ್ದು ಸುಮಾರು 7.7.

ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹರಡಿದೆ. ಆದಾಯ, ಆರೋಗ್ಯ, ಭ್ರಷ್ಟಾಚಾರ ಎಲ್ಲವನ್ನೂ ಕೂಡಿ ಕಳೆದು ರ‍್ಯಾಂಕ್ ಕೊಡುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ರ‍್ಯಾಂಕ್ ಬರುವುದು ಆ ಒಂದೇ ಏಣಿಯ ಪ್ರಶ್ನೆಯಿಂದ. ಆದಾಯ, ಕಷ್ಟಕ್ಕೆ ಆಗುವವರು ಇದ್ದಾರಾ, ಆರೋಗ್ಯವಾಗಿ ಎಷ್ಟು ವರ್ಷ ಬದುಕುತ್ತಾರೆ, ಸ್ವಾತಂತ್ರ್ಯ, ಕೊಡುಗೈ, ಭ್ರಷ್ಟಾಚಾರ ಎಂಬ ಆರು ಸಂಗತಿಗಳನ್ನು ಬಳಸುವುದು ದೇಶದೇಶಕ್ಕೆ ಯಾಕೆ ವ್ಯತ್ಯಾಸ ಎಂದು ವಿವರಿಸಲು ಮಾತ್ರ.

ಏಣಿ ಎಂಬ ಚಿತ್ರವೇ ಉತ್ತರವನ್ನು ಒಂದು ಕಡೆಗೆ ಎಳೆಯುತ್ತದೆ. ಬ್ರಿಟನ್‌ನಲ್ಲಿ ಮಾಡಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಏಣಿ ಎಂದ ಕೂಡಲೇ ಜನ ಹಣ, ಅಧಿಕಾರದ ಕಡೆ ಜಾಸ್ತಿ ಯೋಚಿಸಿದ್ದು ಕಂಡುಬಂತು. ಏಣಿಯ ಮಾತು ತೆಗೆದರೆ ಅದು ಕಡಿಮೆಯಾಯಿತು. ಚಿಕ್ಕಮ್ಮನಿಗೆ ನೆನಪಾದದ್ದು ಬೀಳುವುದು. ಅವರ ಐದನ್ನು ಫಿನ್ಲೆಂಡ್‌ನ ಯಾರದೋ ಎಂಟರ ಪಕ್ಕ ಇಟ್ಟು, ಮೂರು ಮೆಟ್ಟಿಲು ಕಡಿಮೆ ಖುಷಿ ಎನ್ನಲು ನನಗೆ ಧೈರ್ಯ ಬರುವುದಿಲ್ಲ.

ನಮ್ಮ ಊರಲ್ಲಿ ಇನ್ನೊಂದು ಉಂಟು. ಯಾರೇ ಸಿಕ್ಕಿ ‘ಸೌಖ್ಯವಾ?’ ಎಂದರೆ ಉತ್ತರ ಒಂದೇ, ‘ಸೌಖ್ಯ’. ಹಿಂದಿನ ದಿನ ಆಸ್ಪತ್ರೆಯಿಂದ ಬಂದವರೂ ಹಾಗೇ ಹೇಳುತ್ತಾರೆ. ಕುಂದಾಪುರದ ಕಡೆಗೆ ಹೋದರೆ ‘ಅಡ್ಡಿಲ್ಲ’. ಅದು ಒಳ್ಳೆಯದಕ್ಕೂ ಸರಿ, ಸಾಧಾರಣಕ್ಕೂ ಸರಿ. ಹಾಗೆಂದು ತುಂಬಾ ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳುವವರೂ ಕಡಿಮೆ. ದೃಷ್ಟಿ ತಾಗುತ್ತದೆ ಎಂಬ ಅಂಜಿಕೆ. ಕೆಟ್ಟದ್ದನ್ನು ಹೇಳಲು ನಾಚಿಕೆ, ಒಳ್ಳೆಯದನ್ನು ಹೇಳಲು ಹೆದರಿಕೆ. ನಡುವಿನ ಉತ್ತರ ಇಬ್ಬರಿಗೂ ಆಸರೆ. ಎಲ್ಲ ಊರಿನಲ್ಲೂ ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಕೆಲವರು ತುದಿಯ ನಂಬರ್‌ಗಳನ್ನು ಮುಟ್ಟುವುದೇ ಇಲ್ಲ. ಕೆಲವರು ಯಾವ ವಾಕ್ಯ ಕೊಟ್ಟರೂ ‘ಹೌದು’ ಎನ್ನುತ್ತಾರೆ.

ಹೌದು ಹೌದು ಎನ್ನುವವರಿಗಾಗಿ ಕೆಲವು ಮಾಪಕಗಳಲ್ಲಿ ಒಂದು ಉಪಾಯ ಇರುತ್ತದೆ. ಕೆಲವು ವಾಕ್ಯಗಳನ್ನು ಉಲ್ಟಾ ಬರೆದಿರುತ್ತಾರೆ. 2002ರ ಆಕ್ಸ್‌ಫರ್ಡ್ ಸಂತೋಷ ಪ್ರಶ್ನಾವಳಿಯಲ್ಲಿ 29 ವಾಕ್ಯಗಳಿವೆ, ಅದರಲ್ಲಿ 12 ಉಲ್ಟಾ. ಅವನ್ನು ಒಪ್ಪಿದಷ್ಟೂ ಅಂಕ ಇಳಿಯುತ್ತದೆ. ಓದದೆ ಟಿಕ್ ಹಾಕುತ್ತಾ ಹೋದರೆ ಅಲ್ಲಿ ಗೊತ್ತಾಗಿಬಿಡುತ್ತದೆ. ಮೊಬೈಲಿನಲ್ಲಿ ಕ್ವಿಜ್ ಬಂದಾಗ ಇದೊಂದನ್ನು ನೋಡಿ. ಎಲ್ಲ ವಾಕ್ಯಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ, ಓದದೆ ಹೌದು ಎಂದವರನ್ನು ಅದು ಹಿಡಿಯುವುದಿಲ್ಲ.

ಅರ್ಧ ಗಂಟೆ ಕಳೆದಿರಬಹುದು. ಹೂವು ಕೊಳ್ಳುವ ಕಟ್ಟೆಯಿಂದ ಫೋನ್ ಬಂತು. ಶಂಕರಪುರದ ಕಟ್ಟೆಯಲ್ಲಿ ಮಲ್ಲಿಗೆಗೆ ದಿನ ದಿನವೂ ರೇಟ್ ಹೊಸದು. ಚೌತಿ ಹತ್ತಿರ ಬಂದಿತ್ತು, ಮಳೆಗೆ ಹೂವು ಕಡಿಮೆ, ರೇಟ್ ಚೆನ್ನಾಗಿತ್ತು. ಚಿಕ್ಕಮ್ಮನ ಮುಖ ಅರಳಿತು. ಈಗ ಹೇಳಿ, ಏಣಿಯಲ್ಲಿ ಎಷ್ಟು ಎಂದೆ.

‘ಆರು ಮಾಡು.’

ಇಡೀ ಬದುಕಿನ ಬಗ್ಗೆ ಕೇಳಿದ ಪ್ರಶ್ನೆಗೆ ಆ ದಿನದ ಹೂವಿನ ರೇಟ್ ಉತ್ತರ ಕೊಟ್ಟಿತು. ಇದು ಚಿಕ್ಕಮ್ಮನ ತಪ್ಪಲ್ಲ, ಮನಸ್ಸು ಕೆಲಸ ಮಾಡುವುದೇ ಹೀಗೆ. ಬದುಕನ್ನೆಲ್ಲ ತೂಗಿ ನೋಡಲು ಯಾರಿಗೂ ಆಗುವುದಿಲ್ಲ. ಆ ಕ್ಷಣಕ್ಕೆ ಕೈಗೆ ಸಿಕ್ಕಿದ್ದನ್ನು ತಕ್ಕಡಿಗೆ ಹಾಕುತ್ತೇವೆ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಕಾಲೇಜು ಮಕ್ಕಳಿಗೆ ಎರಡು ಪ್ರಶ್ನೆ ಕೇಳಿದರು. ಬದುಕಿನಲ್ಲಿ ಎಷ್ಟು ಖುಷಿ ಇದೆ? ಹುಡುಗ ಹುಡುಗಿಯರ ಜೊತೆ ತಿರುಗಾಟ ಎಷ್ಟಿದೆ? ಖುಷಿಯ ಪ್ರಶ್ನೆ ಮೊದಲು ಬಂದಾಗ ಎರಡು ಉತ್ತರಗಳಿಗೂ ಸಂಬಂಧವೇ ಇಲ್ಲದಂತಿತ್ತು, ಲೆಕ್ಕದಲ್ಲಿ -0.12. ತಿರುಗಾಟದ ಪ್ರಶ್ನೆ ಮೊದಲು ಬಂದಾಗ ಅದೇ ಸಂಬಂಧ 0.66ಕ್ಕೆ ಹಾರಿತು. ನಂತರ ಬೇರೆಯವರು ಮಾಡಿದಾಗ ಇಷ್ಟು ದೊಡ್ಡ ಅಂತರ ಎಲ್ಲ ಕಡೆ ಸಿಗಲಿಲ್ಲ. ಆದರೂ ಹಿಂದಿನ ಪ್ರಶ್ನೆಯ ನೆರಳು ಮುಂದಿನದರ ಮೇಲೆ ಬೀಳುತ್ತದೆ ಎನ್ನುವುದನ್ನು ಸಮೀಕ್ಷೆ ಮಾಡುವವರು ಈಗಲೂ ಮರೆಯುವುದಿಲ್ಲ. ನನ್ನ ಕ್ವಿಜ್‌ನ ಮೊದಲ ಪ್ರಶ್ನೆ, ನಿಮ್ಮ ಸಂಬಳ ನಿಮಗೆ ಸಾಕಾಗುತ್ತದೆಯೇ ಎಂದಿತ್ತು. ಉಳಿದ 19ಕ್ಕೂ ನಾನು ಆ ಸಂಬಳವನ್ನು ಹೆಗಲ ಮೇಲೆ ಹೊತ್ತುಕೊಂಡೇ ಉತ್ತರಿಸಿದ್ದೆ.

ಮಳೆಯ ಪಾಲು ಎಷ್ಟು? ವರ್ಷಕ್ಕೆ ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನವರಾದ ನಮಗೆ ಇದು ಸಹಜ ಪ್ರಶ್ನೆ. 1983ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಬಿಸಿಲಿನ ದಿನ ಫೋನ್ ಮಾಡಿ ಕೇಳಿದಾಗ ಜನ ಬದುಕು ಚೆನ್ನಾಗಿದೆ ಎಂದರು, ಮಳೆಯ ದಿನ ಕಡಿಮೆ ಅಂಕ ಕೊಟ್ಟರು. ಅಲ್ಲಿ ಹವೆ ಹೇಗಿದೆ ಎಂದು ಮೊದಲೇ ಕೇಳಿಬಿಟ್ಟರೆ ಈ ವ್ಯತ್ಯಾಸ ಮಾಯ! ಈ ಬೇಸರ ಮಳೆಯದ್ದು, ಬದುಕಿನದ್ದಲ್ಲ ಎಂದು ಜನ ತಾವೇ ಬೇರೆ ಮಾಡಿಕೊಂಡರು. ಆದರೆ ಅದು ಚಿಕ್ಕ ಅಧ್ಯಯನ. ಹತ್ತು ಲಕ್ಷಕ್ಕೂ ಜಾಸ್ತಿ ಅಮೆರಿಕನ್ನರ ಐದು ವರ್ಷಗಳ ಉತ್ತರಗಳನ್ನು ಜಾಲಾಡಿದ 2013ರ ಅಧ್ಯಯನದಲ್ಲಿ ಹವೆಯ ಪರಿಣಾಮ ಹೆಚ್ಚುಕಡಿಮೆ ಕಾಣಲೇ ಇಲ್ಲ. ಹಾಗಾಗಿ ನನ್ನ 42ಕ್ಕೆ ಮಳೆಯನ್ನು ಬೈಯುವುದು ಅಷ್ಟು ಸರಿಯಲ್ಲ.

ಇನ್ನು ಸ್ವಭಾವ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವಲ್ಲ, ಅದರಲ್ಲಿ ಅರ್ಧ ಸತ್ಯ ಇದೆ. ಜನರ ಜೊತೆ ಬೇಗ ಬೆರೆಯುವವರು ಖುಷಿಯ ಮಾಪಕಗಳಲ್ಲಿ ಸಾಮಾನ್ಯವಾಗಿ ಮೇಲೆ ಬರುತ್ತಾರೆ. ಸಣ್ಣದಕ್ಕೂ ಕಳವಳ ಪಡುವವರು ಕೆಳಗೆ ಬರುತ್ತಾರೆ. ಇದು ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅವಳಿಗಳನ್ನು ಅಧ್ಯಯನ ಮಾಡಿದ ಡೇವಿಡ್ ಲಿಕ್ಕೆನ್ 1996ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಖುಷಿ ಹೆಚ್ಚಿಸಿಕೊಳ್ಳಲು ಒದ್ದಾಡುವುದು ಎತ್ತರ ಬೆಳೆಯಲು ಒದ್ದಾಡಿದಷ್ಟೇ ವ್ಯರ್ಥ ಇರಬಹುದು ಎಂದು ಬರೆದರು. ಆಮೇಲೆ ಆ ಮಾತನ್ನು ಅವರೇ ಹಿಂದೆ ತೆಗೆದುಕೊಂಡರು. ಜರ್ಮನಿಯಲ್ಲಿ 1984ರಿಂದ ಅದೇ ಮನೆಗಳನ್ನು ವರ್ಷವರ್ಷವೂ ಕೇಳುತ್ತಾ ಬಂದಿದ್ದಾರೆ. ಆ ಉತ್ತರಗಳನ್ನು ನೋಡಿದರೆ, ಕೆಲಸ ಕಳೆದುಕೊಂಡವರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಹಿಂದಿನ ಮಟ್ಟಕ್ಕೆ ಬೇಗ ಮರಳಿಲ್ಲ. ಹಲವು ವರ್ಷ ಹಿಡಿದಿದೆ. ಸ್ವಭಾವ ನೆಲ ಇದ್ದಂತೆ. ಅದರ ಮೇಲೆ ಏನು ಬಿತ್ತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಆದರೆ ಮೊಬೈಲಿನ ಕ್ವಿಜ್‌ಗಳು ಸ್ವಭಾವದ ಬಗ್ಗೆ ಎಷ್ಟು ಸರಿಯಾಗಿ ಹೇಳುತ್ತವೆ ಎನ್ನುವವರು ಉಂಟು. ನನಗೂ ಹಾಗೇ ಅನಿಸಿತ್ತು. ಶೇ 42ರ ಕೆಳಗೆ ಒಂದು ಪ್ಯಾರಾ ಇತ್ತು. ನೀವು ಹೊರಗೆ ಗಟ್ಟಿ, ಒಳಗೆ ಮೃದು. ಎಲ್ಲರ ಕಷ್ಟ ಕೇಳುತ್ತೀರಿ, ನಿಮ್ಮದನ್ನು ಹೇಳುವುದಿಲ್ಲ. ಓದಿ, ಅರೆ ಹೌದಲ್ಲ ಎಂದುಕೊಂಡೆ. ಮನೋವಿಜ್ಞಾನದ ಮೇಷ್ಟ್ರು ಬರ್ಟ್ರಮ್ ಫೋರರ್ ಈ ಬಲೆಯನ್ನು ಬಹಳ ಹಿಂದೆಯೇ ತೋರಿಸಿದ್ದಾರೆ. ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಅವರದೇ ವಿವರಣೆ ಎಂದು ಒಂದು ಹಾಳೆ ಕೊಟ್ಟರು. ಎಷ್ಟು ಸರಿ ಇದೆ, 5ರಲ್ಲಿ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಹೆಚ್ಚಿನದ್ದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. 1949ರಲ್ಲಿ ಅವರು ಇದನ್ನು ಪ್ರಕಟಿಸಿದರು. ನನ್ನ ಪ್ಯಾರಾವನ್ನು ಅಣ್ಣನ ಮಗಳಿಗೆ ಕಳಿಸಿದೆ. ಅವಳಿಗೆ ಶೇ 81 ಬಂದಿತ್ತು. ಪ್ಯಾರಾ ಮಾತ್ರ ಅಕ್ಷರಕ್ಕೆ ಅಕ್ಷರ ನನ್ನದೇ.

ಪೂರ್ತಿ ರಿಪೋರ್ಟ್ ಬೇಕಾದರೆ ಹುಟ್ಟಿದ ದಿನ, ಮೊಬೈಲ್ ನಂಬರ್ ಹಾಕಿ ಎಂದೂ ಅದು ಕೇಳಿತ್ತು. ಅಲ್ಲಿಗೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಫೇಸ್‌ಬುಕ್‌ನಲ್ಲಿ ಹಿಂದೆ ಓಡಾಡಿದ ಒಂದು ವ್ಯಕ್ತಿತ್ವದ ಕ್ವಿಜ್ ನೆನಪಿರಬಹುದು. ಅದರ ಮೂಲಕ ಸೇರಿಸಿದ ಮಾಹಿತಿ ಕೇಂಬ್ರಿಡ್ಜ್ ಅನಾಲಿಟಿಕಾ ಎಂಬ ರಾಜಕೀಯ ಸಲಹೆಯ ಕಂಪನಿಗೆ ಹೋಯಿತು. 8.7 ಕೋಟಿ ಜನರ ಮಾಹಿತಿ ಹೀಗೆ ಹೋಗಿರಬಹುದು ಎಂದು ಫೇಸ್‌ಬುಕ್ 2018ರಲ್ಲಿ ಹೇಳಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ. ಅವರ ಸ್ನೇಹಿತರ ಪಟ್ಟಿಯನ್ನೂ ಅದು ಎಳೆದುಕೊಂಡಿದ್ದರಿಂದ ತೊಂದರೆಗೆ ಸಿಕ್ಕಿರಬಹುದಾದವರು 5.62 ಲಕ್ಷ. ಮನಸ್ಸಿನ ಬಗ್ಗೆ ಕೇಳುವವರು ಫೋನ್ ನಂಬರ್ ಕೇಳಿದರೆ ಕೊಡಬೇಡಿ.

ಹಾಗಾದರೆ ಖುಷಿ ಅಳೆಯುವುದೇ ದಂಡವಾ? ನನಗೆ ಹಾಗೆ ಅನಿಸುವುದಿಲ್ಲ. ಆ ಸಂಜೆ ಕರೆಂಟ್ ಹೋಗಿತ್ತು. ಮೊಂಬತ್ತಿ ಬೆಳಕಿನಲ್ಲಿ ಗೋಳಿಬಜೆ ತಿನ್ನುತ್ತಾ ಚಿಕ್ಕಮ್ಮನಿಗೆ ಇನ್ನೊಂದು ಮಾಪಕದ ಪ್ರಶ್ನೆ ಕೇಳಿದೆ. ಇದು ವಿಶ್ವ ಆರೋಗ್ಯ ಸಂಸ್ಥೆಯದ್ದು, 1998ರದ್ದು, ಐದೇ ಪ್ರಶ್ನೆ. ಕಳೆದ ಎರಡು ವಾರಗಳ ಬಗ್ಗೆ ಮಾತ್ರ ಕೇಳುತ್ತದೆ. ಮನಸ್ಸು ಉಲ್ಲಾಸವಾಗಿತ್ತಾ? ಶಾಂತವಾಗಿತ್ತಾ? ಮೈಯಲ್ಲಿ ಚುರುಕು ಇತ್ತಾ? ಬೆಳಿಗ್ಗೆ ಎದ್ದಾಗ ನಿದ್ದೆ ಸಾಕಾಗಿ ಹಗುರ ಅನಿಸುತ್ತಿತ್ತಾ? ದಿನದಲ್ಲಿ ಮನಸ್ಸು ಹಿಡಿಯುವ ಕೆಲಸ ಇತ್ತಾ? ಯಾವಾಗಲೂ ಎಂದರೆ 5, ಒಮ್ಮೆಯೂ ಇಲ್ಲ ಎಂದರೆ 0. ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ.

ಚಿಕ್ಕಮ್ಮನ ಉತ್ತರ 3, 4, 3. ನಾಲ್ಕನೆಯದಕ್ಕೆ ಕೈ ನಿಂತಿತು. ಮಲ್ಲಿಗೆ ಕಟ್ಟುವಾಗಲೂ ನಿಲ್ಲದ ಕೈ. ‘ಒಂದು ಹಾಕು’ ಎಂದರು. ಐದನೆಯದಕ್ಕೆ 2. ಒಟ್ಟು 13. ನಾಲ್ಕರಿಂದ ಗುಣಿಸಿದರೆ 52.

ಒಟ್ಟು ಮಾತ್ರ ನೋಡಿದ್ದರೆ ಅಡ್ಡಿಲ್ಲ ಎಂದು ಎದ್ದು ಬರುತ್ತಿದ್ದೆ. 50ಕ್ಕಿಂತ ಮೇಲೆ ಉಂಟಲ್ಲ. ಆದರೆ ಈ ಮಾಪಕದ 1998ರ ಸೂಚನೆಯಲ್ಲಿ ಒಂದು ಸಾಲು ಇದೆ. ಒಟ್ಟು 13ಕ್ಕಿಂತ ಕಡಿಮೆ ಬಂದರೆ, ಅಥವಾ ಐದರಲ್ಲಿ ಯಾವುದಾದರೂ ಒಂದಕ್ಕೆ 0 ಅಥವಾ 1 ಬಂದರೆ, ಖಿನ್ನತೆ ಇದೆಯೇ ಎಂದು ಮುಂದಿನ ಪರೀಕ್ಷೆ ಮಾಡಬೇಕು. ಇದು ಕಾಯಿಲೆ ಇದೆ ಎಂಬ ತೀರ್ಪಲ್ಲ. ಜ್ವರ ನೋಡಲು ಹಣೆ ಮುಟ್ಟಿದಂತೆ. ಬಿಸಿ ಇದ್ದರೆ ಮುಂದಿನದ್ದನ್ನು ವೈದ್ಯರು ನೋಡುತ್ತಾರೆ.

ನಿದ್ದೆ ಬರುವುದಿಲ್ಲವಾ ಎಂದು ಮೆಲ್ಲಗೆ ಕೇಳಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದಂತೆ. ಆಮೇಲೆ ಕಣ್ಣು ಮುಚ್ಚಿದರೂ ನಿದ್ದೆ ಇಲ್ಲ. ಬೆಳಗಿನ ಜಾವ ಮೊಗ್ಗು ಕೊಯ್ಯುವವರೆಗೆ ಹಾಗೇ ಮಲಗಿರುತ್ತಾರೆ. ಎಂದಿನಿಂದ ಎಂದೆ. ‘ನಿನ್ನ ಚಿಕ್ಕಪ್ಪ ಹೋದ ಮೇಲೆ’ ಎಂದರು. ಅದಾಗಿ ಎರಡು ವರ್ಷ. ಎರಡು ವರ್ಷವೂ ನಾನು ಆ ಮನೆಗೆ ಹೋಗುತ್ತಿದ್ದೆ. ಸೌಖ್ಯವಾ ಎಂದು ಕೇಳುತ್ತಿದ್ದೆ. ಅವರು ಸೌಖ್ಯ ಎನ್ನುತ್ತಿದ್ದರು.

ಮುಂದಿನ ವಾರ ವೈದ್ಯರಿಗೆ ತೋರಿಸಿದೆವು. ನಿದ್ದೆಯ ಮಾತ್ರೆಗೆ ಕೈ ಹಾಕುವ ಮೊದಲು ಅವರು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಸಂಜೆಯ ಚಹಾ ಬಿಡಿಸಿದರು, ತಿಂಗಳಿಗೊಮ್ಮೆ ಬಂದು ಮಾತಾಡಲು ಹೇಳಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಅನಿಸಿದರೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಹೊರಗೆ ಹೋಗಲು ಸಂಕೋಚ ಇದ್ದರೆ ಟೆಲಿ ಮಾನಸ್ ಉಂಟು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ, ನಂಬರ್ 14416. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು.

ದೀಪಾವಳಿ ಕಳೆದ ಮೇಲೆ ಮತ್ತೆ ಹೋಗಿದ್ದೆ. ಮಳೆ ಬಿಟ್ಟಿತ್ತು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ‘ಆ ಐದು ಪ್ರಶ್ನೆ ತಂದಿದ್ದೀಯಾ?’ ಎಂದು ಚಿಕ್ಕಮ್ಮನೇ ಕೇಳಿದರು. ಕಳೆದ ಸಲದ ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದರು. ಅದರ ಪಕ್ಕದಲ್ಲೇ ಹೊಸದಾಗಿ ಬರೆದುಕೊಂಡೆ. ನಾಲ್ಕನೆಯದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ‘ಮೂರು ಹಾಕಬಹುದು’ ಎಂದರು.

‘ಏಣಿಯದ್ದು?’

‘ಅದು ಐದೇ ಇರಲಿ.’